ಪರದೆ ಇಳಿಬಿಟ್ಟ ಕಾರು

ನಮ್ಮ ಕಾರನ್ನು ಕದ್ದವನು ಒಬ್ಬನೇ. ಆದರೆ ಅದನ್ನು ನೂಕಿ ಕಳಿಸಿಕೊಟ್ಟವರು ಹುಣಸೂರಿನ ಪೇಟೆಬೀದಿಯ ಅರ್ಧ ಜನ. ಅದೂ ಹಾಡುಹಗಲಲ್ಲಿ, ಬೆವರು ಸುರಿಸಿಕೊಂಡು, ಪುಣ್ಯದ ಕೆಲಸ ಮಾಡುತ್ತಿದ್ದೇವೆ ಅಂತ ತಿಳಿದುಕೊಂಡು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ನನಗೆ ಮಾತ್ರ ಇಷ್ಟು ವಯಸ್ಸಾದರೂ ಆ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಇಳಿಸಬೇಕು ಅನ್ನುವುದೂ ತಿಳಿದಿಲ್ಲ.

ಐವತ್ತರ ದಶಕದ ಮಾತು. ಅಪ್ಪ ಹುಣಸೂರಿನಲ್ಲಿ ಹೊಗೆಸೊಪ್ಪಿನ ಮಂಡಿ ಇಟ್ಟಿದ್ದರು. ನಾನು ಇನ್ನೂ ಮದುವೆಯಾಗದೆ ಮನೆಯಲ್ಲಿದ್ದ ಮಗಳು. ನನಗೆ ಮದುವೆ ಬೇಡವೆಂದಲ್ಲ, ಅವ್ವನನ್ನು ನೋಡಿಕೊಳ್ಳಲು ಇನ್ಯಾರೂ ಇರಲಿಲ್ಲ. ನಾನು ಸಣ್ಣವಳಿದ್ದಾಗ ಅವ್ವ ಇನ್ನೊಂದು ಹೆತ್ತಳು. ಕೂಸು ಉಳಿಯಲಿಲ್ಲ. ಬಾಣಂತಿ ಜ್ವರ ಬಿಟ್ಟಾಗ ಅವ್ವನ ಸೊಂಟದ ಕೆಳಗೆ ಜೀವವೇ ಇರಲಿಲ್ಲ. ಮೈಸೂರಿನ ದೊಡ್ಡ ಡಾಕ್ಟರು ನೋಡಿ, ಇದು ಇಷ್ಟೇ ಅಂದರು. ಅವತ್ತಿನಿಂದ ಅವ್ವನ ಲೋಕವೆಂದರೆ ನಡುಮನೆಯ ಮಂಚ ಮತ್ತು ಅಲ್ಲಿಂದ ಕಾಣುವಷ್ಟು ಬೀದಿ.

ಅವ್ವನ ತವರು ಪಿರಿಯಾಪಟ್ಟಣದ ಆಚೆ ರಾವಂದೂರು. ಅಲ್ಲಿ ಸೋದರಮಾವನ ಮನೆಯಲ್ಲಿ ಅಜ್ಜಿ ಇದ್ದಳು. ಕೈಲಾಗುವ ತನಕ ಅಜ್ಜಿಯೇ ಎತ್ತಿನ ಗಾಡಿಯಲ್ಲಿ ಮಗಳನ್ನು ನೋಡಲು ಬರುತ್ತಿದ್ದಳು. ಆಮೇಲೆ ಅವಳ ಮೊಣಕಾಲು ಹೋಯಿತು, ಕಣ್ಣಿಗೂ ಪೊರೆ ಬಂತು. ಅವ್ವನನ್ನು ಒಂದು ಸಲ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆದೊಯ್ಯಲು ನೋಡಿದೆವು. ಊರ ಹೊರಗಿನ ಕಲ್ಲುದಾರಿಗೆ ಬರುವಷ್ಟರಲ್ಲಿ ಬೆನ್ನಿನ ಹುಣ್ಣು ಒಡೆದು ಸೀರೆಯೆಲ್ಲ ರಕ್ತವಾಯಿತು. ತಿರುಗಿಸಿಕೊಂಡು ಬಂದೆವು. ಬಸ್ಸಿನ ಮಾತೆತ್ತಿದರೆ ಅವ್ವ, "ಗಂಡಸ್ರೆಲ್ಲ ಸೇರ್ಕಂಡು ಮೂಟೆ ಎತ್ದಂಗೆ ಎತ್ತೋದು, ಅದ್ನ ಊರೋರೆಲ್ಲ ನಿಂತ್ಕಂಡು ನೋಡೋದು, ಬ್ಯಾಡ ಕಣ್ರೀ" ಅನ್ನುತ್ತಿದ್ದಳು. ಕೂರಿಸಿದರೆ ಒಂದು ಕಡೆಗೆ ವಾಲುವ ಮೈ. ಬಸ್ಸಿನ ಸೀಟು ಅವಳಿಗಾಗುತ್ತಲೂ ಇರಲಿಲ್ಲ. ಹೀಗೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಕಳೆದವು.

ಅಪ್ಪ ಕಾರು ತಂದದ್ದು ಇದಕ್ಕೇ. ಜನ ಸಾವ್ಕಾರನ ಶೋಕಿ ಅಂದರು, ಅನ್ನಲಿ. ಕೊಡಗಿನಲ್ಲಿ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಬಿಳಿಯನ ಹಳೆಯ ಕರಿ ಕಾರು ಅದು. ಸೆಲ್ಫು ಸತ್ತಿತ್ತು. ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸಬೇಕು, ಇಲ್ಲವಾದರೆ ನೂಕಬೇಕು. ಓಡಿಸುವುದು ಅಪ್ಪನೇ. ಪೇಟೆಯಲ್ಲಿ ಗಾಡಿಗಳಿಗೆ ಮೆತ್ತೆ ಹೊಲಿಯುವ ಸಾಬರೊಬ್ಬರಿದ್ದರು. ಅವರು ಮುಂದಿನ ಎಡಗಡೆ ಸೀಟು ಕಿತ್ತು, ಹಿಂದಿನ ತನಕ ಒಂದೇ ಸಮಕ್ಕೆ ಹಲಗೆ ಹೊಡೆದು, ತೆಂಗಿನ ನಾರು ತುಂಬಿದ ಮೆತ್ತೆ ಕೂರಿಸಿಕೊಟ್ಟರು. ಅವ್ವನ ಬೆನ್ನಿನ ಹುಣ್ಣು ಎಲ್ಲೆಲ್ಲಿದೆ ಅಂತ ನನ್ನನ್ನು ಕೇಳಿಕೊಂಡು, ಅಲ್ಲಲ್ಲಿ ಮೆತ್ತೆ ತಗ್ಗು ಮಾಡಿದರು.

ಅವ್ವ ಒಂದೇ ಒಂದು ಷರತ್ತು ಹಾಕಿದಳು. ಕಾರಿಗೆ ಸುತ್ತ ಪರದೆ ಬೇಕು. ಹಸಿರು ಬಟ್ಟೆ ತರಿಸಿ, ಅಂಗಾತ ಮಲಗಿಕೊಂಡೇ ತಾನೇ ಹೊಲಿದಳು. ಅವಳು ಒಳಗಿದ್ದಾಗ ಪರದೆ ಇಳಿಬಿಡುತ್ತಿದ್ದೆವು. ಇಲ್ಲದಾಗ ಎತ್ತಿ ಕಟ್ಟಿಡುತ್ತಿದ್ದೆವು. ಯಾರೂ ಹೇಳಿಕೊಡದಿದ್ದರೂ ಊರು ಇದನ್ನು ಕಲಿತುಬಿಟ್ಟಿತು. ಪರದೆ ಇಳಿದಿದ್ದರೆ ಅವ್ವಾರು ಒಳಗಿದ್ದಾರೆ ಅಂತ ಅರ್ಥ. ಆಗ ಬೀಡಿ ಸೇದುವವರು ಬೀಡಿ ಎಸೆಯುತ್ತಿದ್ದರು. ಗಂಡಸರು ಆ ಕಡೆ ಮುಖ ತಿರುಗಿಸಿ ದಾರಿ ಬಿಡುತ್ತಿದ್ದರು. ಕಾರು ನಿಂತುಬಿಟ್ಟರೆ ಅಂಗಡಿ ಬಿಟ್ಟು ಓಡಿಬಂದು, ತಲೆ ತಗ್ಗಿಸಿಕೊಂಡು ಹಿಂದಿನಿಂದ ನೂಕುತ್ತಿದ್ದರು. ಅವರ ಆ ಮರ್ಯಾದೆ ನೋಡಿ ನನಗೆ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಸಲ ರಾವಂದೂರಿಗೆ ಹೊರಟಾಗ ಅವ್ವ ಪರದೆಯ ಅಂಚು ಬೆರಳಷ್ಟು ಸರಿಸಿ ನೋಡುತ್ತಲೇ ಇದ್ದಳು. "ಅಯ್ಯೋ ಶಿವನೇ, ಆ ಉಣಸೇಮರ ಕಡ್ದುಬುಟ್ರಾ?" ಅಂದಳು. ಕಂಪಲಾಪುರ ದಾಟುವಾಗ, "ಇಲ್ಲಿ ಒಂದ್ ಅರಳೀಕಟ್ಟೆ ಇತ್ತಲ್ಲ, ಅದೇನಾ ಇದು? ಇಷ್ಟ್ ಸಣ್ಣದಾ?" ಅಂದಳು. ಊರು ಬಂದಾಗ ಅವಳನ್ನು ಇಳಿಸಲು ಹೋದರೆ ಅಜ್ಜಿಯೇ ತಡೆದಳು. "ಅವಳ್ನ ಯಾಕ್ ಎತ್ತಿ ನೋಯಿಸ್ತೀರಿ, ನಾನೇ ಅತ್ಕತೀನಿ ಬುಡಿ" ಅಂದು ಮಾವನ ಹೆಗಲು ಹಿಡಿದು ಕಾರು ಹತ್ತಿದಳು. ಪರದೆ ಎಳೆದುಕೊಂಡರು. ಸಂಜೆಯ ತನಕ ತಾಯಿ ಮಗಳು ಆ ಕಾರಿನೊಳಗೇ ಕೂತು ಮಾತಾಡಿದರು, ಅಲ್ಲೇ ಉಂಡರು, ಅಲ್ಲೇ ಒಂದಿಷ್ಟು ನಿದ್ದೆಯನ್ನೂ ಮಾಡಿದರು. ಒಳಗಿನಿಂದ ನಗು ಕೇಳಿಸುತ್ತಿತ್ತು. ನಾನು ಜಗುಲಿಯ ಮೇಲೆ ಕೂತು, ಅದೇನು ಅಷ್ಟೊಂದು ನಗು, ನಮಗೂ ಹೇಳಬಾರದೇ ಅಂತ ಹೊಟ್ಟೆ ಉರಿದುಕೊಂಡೆ.

ಅಲ್ಲಿಂದಾಚೆಗೆ ಮಂಡಿಗೆ ರಜವಿರುವ ಅಮಾವಾಸ್ಯೆಗಳಂದು ರಾವಂದೂರಿಗೆ ಹೋಗುವುದು ರೂಢಿಯಾಯಿತು. ಹೋಗುವ ಹಿಂದಿನ ದಿನ ಅವ್ವ ನನ್ನ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು, ಒಬ್ಬಟ್ಟು ತಟ್ಟಿಸುತ್ತಿದ್ದಳು, ಕಣಕ ಗಟ್ಟಿಯಾಯಿತು ಅಂತ ಮಲಗಿದಲ್ಲಿಂದಲೇ ಬೈಯುತ್ತಿದ್ದಳು. ಬೈಗುಳ ಕೇಳಿದರೆ ಮನೆಗೆ ಮನೆಯೇ ಹುಷಾರಾದ ಹಾಗೆ ಅನ್ನಿಸುತ್ತಿತ್ತು.

ಕಾರು ಕಳ್ಳತನವಾದೀತು ಅನ್ನುವ ಭಯ ಅಪ್ಪನಿಗೆ ಇರಲಿಲ್ಲವೆಂದಲ್ಲ. ಅದರ ಸ್ವಿಚ್ಚು ಸವೆದು ಹೋಗಿ ಯಾವ ಬೀಗದ ಕೈ ತೂರಿಸಿದರೂ ತಿರುಗುತ್ತಿತ್ತು. ಅದಕ್ಕೇ ಅಪ್ಪ ಹ್ಯಾಂಡಲನ್ನು ಕಾರಿನಲ್ಲಿ ಬಿಡುತ್ತಿರಲಿಲ್ಲ. ಮಂಡಿಯಿಂದ ಊಟಕ್ಕೆ ಬರುವಾಗ ಕೈಯಲ್ಲಿ ಹಿಡಿದು ತಂದು ಅವ್ವನ ಮಂಚದ ಕೆಳಗೆ ತಳ್ಳಿ, "ತಗ, ನಿನ್ ಕಾಲು ಜ್ವಾಪಾನ" ಅನ್ನುತ್ತಿದ್ದರು. ಕಾರು ಮಂಡಿಯ ಎದುರು ಹೊಂಗೆಮರದ ಕೆಳಗೆ ನಿಂತಿರುತ್ತಿತ್ತು. ಹ್ಯಾಂಡಲ್ ಇಲ್ಲದೆ ಅದು ಚಾಲೂ ಆಗುವಂತಿಲ್ಲ, ನೂಕಬೇಕಾದರೆ ಪೇಟೆಯ ಜನ ಬೇಕು, ಪೇಟೆಯ ಜನವೆಲ್ಲ ನಮ್ಮವರೇ. ಇದಕ್ಕಿಂತ ಕಾವಲು ಇನ್ನೇನು ಬೇಕು ಅಂತ ಅಪ್ಪ. ನಾವೂ ಹಾಗೆಯೇ ತಿಳಿದಿದ್ದೆವು.

ಆ ಮಧ್ಯಾಹ್ನ ಅಪ್ಪ ಉಂಡು ಚಾಪೆಯ ಮೇಲೆ ಅಡ್ಡಾಗಿದ್ದರು. ನಾನು ಅವ್ವನ ಬೆನ್ನಿಗೆ ಎಣ್ಣೆ ಸವರುತ್ತಿದ್ದೆ. ಬಾಗಿಲಲ್ಲಿ ಮೆತ್ತೆ ಹೊಲಿಯುವ ಸಾಬರು ಬಂದು ನಿಂತರು. ಒಳಗೆ ಕಣ್ಣು ಹಾಯಿಸದೆ, ಹೊಸ್ತಿಲು ನೋಡಿಕೊಂಡೇ ಕೇಳಿದರು.

"ಏನಮ್ಮಾ, ಆಸ್ಪತ್ರೆಯಿಂದ ಏನಾದ್ರೂ ಸುದ್ದಿ ಬಂತಾ?"

"ಯಾರ ಸುದ್ದಿ ಸಾಬರೇ?" ಅಂದೆ.

"ಅದೇ, ಅಮ್ಮಾವ್ರದು. ನಾವೇ ಅಲ್ವಾ ನೂಕಿ ಕಳಿಸಿದ್ದು. ಪೇಟೇಲಿ ಎಲ್ಲರಿಗೂ ಒಂದೇ ಯೋಚನೆ ಆಗೋಗಿದೆ. ಅಲ್ಲಾ ದೊಡ್ಡೋನು, ಏನೂ ಆಗಲ್ಲ."

ನಾನು ಬಾಯಿ ಬಿಡುವ ಮೊದಲೇ ಮಂಚದ ಮೇಲಿಂದ ಅವ್ವ ಕೂಗಿದಳು. "ಯಾರ್ ಮಗಾ ಅದು? ಯಾರ್ಗೆ ಉಸಾರಿಲ್ವಂತೆ?"

ಸಾಬರು ತಲೆ ಎತ್ತಿದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಯೊಳಗೆ ನೇರವಾಗಿ ನೋಡಿದ್ದು ಅದೇ ಮೊದಲು. ಮಂಚದ ಮೇಲಿದ್ದ ಅವ್ವನನ್ನು ಕಂಡರು. "ಯಾ ಅಲ್ಲಾ," ಅಂದವರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಆಮೇಲೆ ಗೊತ್ತಾದದ್ದು ಇಷ್ಟು. ಊಟದ ಹೊತ್ತಿಗೆ ಖಾಕಿ ತೊಟ್ಟ ಒಬ್ಬ ಬಂದಿದ್ದಾನೆ. ಯಾರೂ ನೋಡದಿದ್ದಾಗ ಪರದೆಗಳನ್ನೆಲ್ಲ ಇಳಿಬಿಟ್ಟಿದ್ದಾನೆ. ಆಮೇಲೆ ಗಾಬರಿಯವನ ಹಾಗೆ ಕೆಳಗಿಳಿದು, "ಅವ್ವಾರ್ಗೆ ಜೋರಾಗದೆ, ಮೈಸೂರು ಆಸ್ಪತ್ರೆಗೆ ಓಗ್ಬೇಕು. ಸಾವ್ಕಾರ್ರು ಸೇತ್ವೆ ತಾವ ಕಾಯ್ತಾವ್ರೆ. ಬ್ಯಾಗ ನೂಕ್ರಪ್ಪಾ" ಅಂದಿದ್ದಾನೆ. ಸಾವ್ಕಾರ್ರು ಹೊಸ ಡ್ರೈವರ್ ಇಟ್ಟಿದ್ದಾರೆ, ನಾವು ಉಣ್ಣುವಾಗ ಅವ್ವಾರನ್ನು ತಂದು ಮಲಗಿಸಿದ್ದಾರೆ ಅಂತ ಎಲ್ಲರೂ ಅಂದುಕೊಂಡರಂತೆ. ಬಳೆಯಂಗಡಿಯವನು, ಎಣ್ಣೆಯಂಗಡಿಯವನು, ಜಟಕಾದವರು, ಉಣ್ಣುತ್ತಿದ್ದ ಸಾಬರು ಕೈ ತೊಳೆದುಕೊಂಡು, ಎಲ್ಲರೂ ಬಂದು ಹೆಗಲು ಕೊಟ್ಟರು. ಕಾರು ಒಂದೇ ನೂಕಿಗೆ ಚಾಲೂ ಆಯಿತಂತೆ. ನಾವು ನೂಕುವಾಗ ಒಂದು ದಿನವಾದರೂ ಹಾಗೆ ಆಗಿತ್ತೇ, ದರಿದ್ರದ್ದು! ಬಳೆಯಂಗಡಿಯವನಂತೂ ಪರದೆಗೆ ಕೈಮುಗಿದು, "ಏನೂ ಆಗಕ್ಕಿಲ್ಲ ಕಣವ್ವಾ, ವಾಸಿ ಮಾಡ್ಕಂಡು ಬನ್ನಿ" ಅಂದನಂತೆ. ಒಳಗಿದ್ದದ್ದು ಬರೀ ಮೆತ್ತೆ.

ಅಪ್ಪ ಮಂಚದ ಕೆಳಗಿನ ಹ್ಯಾಂಡಲ್ ಎಳೆದುಕೊಂಡು ಬರಿಮೈಯಲ್ಲಿ ಬೀದಿಗೆ ಓಡಿದರು. ಅದನ್ನು ಯಾಕೆ ಹಿಡಿದುಕೊಂಡರೋ ಅವರಿಗೇ ಗೊತ್ತಿರಲಿಲ್ಲ. ನಾನೂ ಹಿಂದೆಯೇ ಓಡಿದೆ. ಹೊಂಗೆಮರದ ಕೆಳಗೆ ಎಣ್ಣೆ ತೊಟ್ಟಿಕ್ಕಿದ ಕಲೆ ಬಿಟ್ಟು ಏನೂ ಇರಲಿಲ್ಲ.

ಅವತ್ತು ನಾನು ಪೇಟೆಬೀದಿಯಲ್ಲಿ ನಿಂತು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಮದುವೆಯಾಗದ ಹೆಣ್ಣುಮಗಳು ಬೀದಿಯಲ್ಲಿ ನಿಂತು ಬಾಯಿ ಮಾಡಬಾರದು ಅನ್ನುವುದೆಲ್ಲ ನೆನಪಿಗೇ ಬರಲಿಲ್ಲ. "ಕಣ್ಣಿರಲಿಲ್ವಾ ನಿಮ್ಗೆ? ಒಂದ್ಸಲ ಪರದೆ ಎತ್ತಿ ನೋಡಿದ್ರೆ ನಿಮ್ಮ ಕೈ ಸವೆದು ಹೋಗ್ತಿತ್ತಾ?" ಅಂದೆ. ಬಳೆಯಂಗಡಿಯವನು ನೆಲ ನೋಡಿಕೊಂಡು, "ಅವ್ವಾರು ಮನಗಿರೋ ತಾವ ಗಂಡಸ್ರು ನಾವು ಬಗ್ಗಿ ನೋಡಕಾಯ್ತದಾ ತಾಯಿ?" ಅಂದ. ಬೇರೆ ಯಾವ ದಿನವಾದರೂ ಅವನು ಪರದೆ ಎತ್ತಿದ್ದರೆ ನಾನೇ ಅವನ ಕೈ ಮುರಿಯುತ್ತಿದ್ದೆ.

ಪೊಲೀಸ್ ದಫೇದಾರ ಬಂದು ಹೊಂಗೆಮರದ ಸುತ್ತ ಒಂದು ಸುತ್ತು ಹಾಕಿದ. ಮೈಸೂರಿನ ದಾರಿಯಲ್ಲಿ ಹುಡುಕಿಸುತ್ತೇನೆ ಅಂದ. ಕಾರು ಮೈಸೂರಿಗೆ ಹೋಗಿರಲೇ ಇಲ್ಲ. ಅಪ್ಪ ಮಂಡಿ ಮುಚ್ಚಿ ಬಸ್ಸು ಬಸ್ಸು ಹತ್ತಿ ಅಲೆದರು. ಕೆ.ಆರ್. ನಗರಕ್ಕೆ ಹೋದರು, ಅಲ್ಲಿ ಯಾರೂ ಕಂಡಿರಲಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಕಂಡವರಿದ್ದರು. ಸರಗೂರಿನಲ್ಲೂ ಇದ್ದರು. ಆಚೆಗೆ ಕಾಡಿನ ಗೇಟು. ಮರ ಕದ್ದು ಸಾಗಿಸುವವರನ್ನು ಹಿಡಿಯಲು ಅಲ್ಲಿ ಪ್ರತಿ ಗಾಡಿಯನ್ನೂ ನಿಲ್ಲಿಸಿ ತಡಕುತ್ತಿದ್ದರು. ಗೇಟಿನವನು ಅಪ್ಪನಿಗೆ ಹೇಳಿದ್ದು ಇಷ್ಟೇ. "ಬಂದಿತ್ತು ಬುದ್ಧಿ, ಕರೀದು. ಪರದೆ ಬಿಟ್ಟಿತ್ತು. ಬಸರಿ ಎಂಗಸು ಒಳಗವ್ಳೆ, ತವರಿಗೆ ಬುಡಕೋಯ್ತಿದೀನಿ ಅಂದ. ನಾನೇ ಓಡೋಗಿ ಗೇಟ್ ಎತ್ತುದೆ."

ಗೇಟಿನ ಆಚೆ ಮಲಯಾಳ ಸೀಮೆ. ಅಲ್ಲಿಗೆ ಹೋದ ಕಾರನ್ನು ವಾರದೊಳಗೆ ಬಿಚ್ಚಿ ತುಂಡು ತುಂಡಾಗಿ ಮಾರುತ್ತಾರೆ ಅಂತ ಸರಗೂರಿನ ಬಸ್ ಡ್ರೈವರು ಹೇಳಿದ. ಅಪ್ಪ ಅಲ್ಲಿಗೂ ಹೋದರು. ಭಾಷೆ ಬಾರದ ಊರುಗಳಲ್ಲಿ ಕರಿ ಕಾರು, ಹಸಿರು ಪರದೆ ಅಂತ ಕೈ ಮಾಡಿ ತೋರಿಸಿಕೊಂಡು ತಿರುಗಿ, ಜ್ವರ ಹೊತ್ತುಕೊಂಡು ಬಂದರು. ಅಂಥ ಇನ್ನೊಂದು ಕಾರು ತೆಗೆಯುವುದು ಅವರ ಕೈಲಿ ಆಗುವ ಮಾತಾಗಿರಲಿಲ್ಲ. ಅಮಾವಾಸ್ಯೆ ಬಂದಾಗ ನಾನು ಬಾಚಣಿಗೆ ಹಿಡಿದು ಹೋದರೆ ಅವ್ವ, "ಯಾಕೆ, ಯಾವೂರಿಗೆ ಓಗ್ಬೇಕು?" ಅಂದಳು. ಅವತ್ತಿನಿಂದ ಬೈಯುವುದನ್ನೂ ಬಿಟ್ಟಳು.

ಊರಿಗೆ ಬುದ್ಧಿ ಬಂತು. ಅಯ್ಯೋ, ಅದೇನು ಬುದ್ಧಿ! ಸೈಕಲ್ಲಿಗೂ ಸರಪಳಿ, ಜಟಕಾದ ಗಾಲಿಗೂ ಸರಪಳಿ. ಪರದೆ ಕಟ್ಟಿದ ಗಾಡಿ ಬಂದರೆ ಸಾಕು, ಇದೇ ಗಂಡಸರು ನಿಲ್ಲಿಸಿ ಬಗ್ಗಿ ನೋಡತೊಡಗಿದರು. ಒಂದು ಮದುವೆಯ ಗಾಡಿಯ ಪರದೆ ಎತ್ತಿ, ಹೆಣ್ಣಿನ ಕಡೆಯವರಿಂದ ಸರಿಯಾಗಿ ಏಟನ್ನೂ ತಿಂದರು. ಊರಿನಲ್ಲಿ ಉಳಿದಿದ್ದ ಇನ್ನೊಂದೇ ಕಾರು ಡಾಕ್ಟರದು. ಅವರು ಗಾಲಿಯನ್ನೂ ಕಲ್ಲಿನ ಕಂಬವನ್ನೂ ಸೇರಿಸಿ ಎತ್ತು ಕಟ್ಟುವಷ್ಟು ದಪ್ಪ ಸರಪಳಿ ಬಿಗಿದು ಬೀಗ ಹಾಕಿದರು. ನಮ್ಮ ಅಪ್ಪನೇ ಹೇಳಿ ಹಾಕಿಸಿದ್ದು. ನನ್ನ ಗತಿ ನಿಮಗೆ ಬೇಡ ಡಾಕ್ಟರೇ ಅಂದಿದ್ದರು.

ಮುಂದಿನ ಚಳಿಗಾಲದಲ್ಲಿ ರಾವಂದೂರಿನಿಂದ ಮಾವನ ಆಳು ಬಂದ. ಅಜ್ಜಿಯ ಉಸಿರು ಏರಿದೆ, ಮಗಳನ್ನು ಕೇಳುತ್ತಿದ್ದಾಳೆ. ಕಾರು ಕಳೆದದ್ದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ರಿಪೇರಿಯಲ್ಲಿದೆ ಅಂತಲೇ ದಿನ ತಳ್ಳಿದ್ದರು. ಸುದ್ದಿ ಕೇಳಿದ ಅವ್ವ ತಾನಾಗಿಯೇ ಬಾಯಿ ಬಿಟ್ಟಳು. "ಡಾಕ್ಟರ ಕಾರ್ ಕೇಳ್ನೋಡಿ. ಪರದೆ ಇಲ್ದಿದ್ರೂ ಚಿಂತಿಲ್ಲ. ಯಾರ್ ಬೇಕಾರೂ ನೋಡ್ಕಳ್ಳಿ."

ಡಾಕ್ಟರು ಬೆಂಗಳೂರಿಗೆ ಹೋಗಿದ್ದರು. ಕಾರು ಅವರ ಮನೆಯ ಮುಂದೆ ಇತ್ತು, ಬೀಗದ ಕೈ ಅವರ ಜೇಬಿನಲ್ಲಿತ್ತು. ಅವರ ಹೆಂಡತಿ, "ಬೀಗ ಬಿಚ್ಚೋಕೆ ಆದ್ರೆ ತಗೊಂಡು ಹೋಗಿ, ನಾನೇ ಹೇಳ್ತಿದೀನಲ್ಲ" ಅಂದರು. ಮೆತ್ತೆಯ ಸಾಬರು ಸುತ್ತಿಗೆ, ಉಳಿ ತಂದರು. ಜನ ಸೇರಿದರು. ಸರಪಳಿ ಜಗ್ಗಲಿಲ್ಲ. ಬೀಗವೂ ಬಾಯಿ ಬಿಡಲಿಲ್ಲ. ಹಿಂದೆ ನೂಕಿದವರೆಲ್ಲ ಸರದಿಯ ಮೇಲೆ ಹೊಡೆದರು. ಸಾಬರ ಬೆರಳಿನಿಂದ ರಕ್ತ ಸೋರಿತು, ಅವರು ಬಿಡಲಿಲ್ಲ. ನಮ್ಮ ಕಾರಿಗೆ ಇಲ್ಲದ ಕಾವಲು ಆ ಕಾರಿಗಿತ್ತು. ಅಪ್ಪ ಕೊನೆಗೆ ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಸಾಕು ಬುಡಿ ಸಾಬರೇ, ನಾವು ಪಡ್ಕಂಡ್ ಬಂದಿಲ್ಲ" ಅಂದರು. ಬಾಡಿಗೆ ಕಾರು ತರಲು ಮೈಸೂರಿಗೆ ಆಳು ಓಡಿದ. ಅದು ಬಂದದ್ದು ಮಾರನೆಯ ದಿನ ಎಲ್ಲ ಮುಗಿದ ಮೇಲೆ.

ನನ್ನನ್ನು ಬಸ್ಸಿಗೆ ಹತ್ತಿಸಿದರು. ಪಿರಿಯಾಪಟ್ಟಣದಲ್ಲಿ ಇಳಿದು ಗಾಡಿ ಹಿಡಿದು ರಾವಂದೂರು ಸೇರಿದಾಗ ಹೊತ್ತು ಇಳಿಯುತ್ತಿತ್ತು. ಅಜ್ಜಿಯನ್ನು ನಡುಮನೆಯಲ್ಲಿ ಮಲಗಿಸಿದ್ದರು. ನಾನು ಬಾಗಿಲಲ್ಲಿ ನಿಂತೆ. ನನ್ನ ನೆರಳು ಬಿದ್ದ ಕಡೆ ಅವಳು ಕಣ್ಣು ತಿರುಗಿಸಿದಳು.

"ಬಂದ್ಯಾ ಮಗಾ?" ಅಂದಳು.

ಅದು ಅವ್ವನನ್ನು ಕರೆಯುವ ದನಿ. ಮಾವನ ಹೆಂಡತಿ, "ಅದು ನಿಮ್ ಮೊಮ್ಮಗಳು ಕಣತ್ತೆ" ಅಂದರು. ಅಜ್ಜಿಗೆ ಕೇಳಿಸಲಿಲ್ಲ. ಅವಳು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡುತ್ತಿದ್ದಳು. ಪೊರೆ ಬಂದ ಆ ಕಣ್ಣುಗಳು ಅಗಲವಾದವು.

"ನಿಂತವ್ಳಲ್ಲ! ಶಿವನೇ, ನಿಂತವ್ಳೆ ನೋಡು! ಕಾಲು ಬಂತಾ ಮಗಾ?"

ನಾನು ಏನು ಹೇಳಬೇಕಿತ್ತು? "ಊಂ ಕಣವ್ವಾ, ಬಂತು" ಅಂದೆ.

"ಎಲ್ಲಿ, ನಡಿ ನೋಡಾನ."

ನಡೆದೆ. ಬಾಗಿಲಿನಿಂದ ಹಾಸಿಗೆಯ ತನಕ, ಮತ್ತೆ ಬಾಗಿಲಿಗೆ. ಅಜ್ಜಿ ನಕ್ಕಳು. "ನೆಟ್ಗೆ ನಡೀತಾಳೆ ಕಣ್ಲಾ, ನನ್ ಮಗ್ಳು" ಅಂತ ಮಾವನಿಗೆ ಹೇಳಿದಳು. ಅದೇ ಅವಳ ಕೊನೆಯ ಮಾತು. ಬೆಳಗಾಗುವ ಮೊದಲೇ ಹೋದಳು. ಮಗಳಿಗಾಗಿ ಎಷ್ಟು ಹೊತ್ತು ಕಾಯುವುದು ಅಂತ ಯಾರೋ ಕೇಳಿದರು. ಮೈಸೂರಿನ ಬಾಡಿಗೆ ಕಾರಿನ ಸುಳಿವೇ ಇರಲಿಲ್ಲ, ಅವಳು ಬರುವುದಿಲ್ಲ ಅಂತ ನಾನೇ ಹೇಳಿದೆ. ಅಜ್ಜಿಗೆ ವಿಭೂತಿ ಹಚ್ಚಿ ಕೂರಿಸಿ ಸಮಾಧಿ ಮಾಡಿದರು.

ಮನೆಗೆ ಬಂದಾಗ ಅವ್ವ ಕಣ್ಣೊರೆಸಿಕೊಂಡು ಕಾಯುತ್ತಿದ್ದಳು. "ನನ್ನ ಕೇಳುದ್ಲಾ?" ಅಂದಳು. ಮುಚ್ಚಿಡಲು ನನ್ನ ಕೈಲಾಗಲಿಲ್ಲ. ಆದದ್ದನ್ನು ಆದಂತೆ ಹೇಳಿದೆ. ಅವ್ವ ತಡೆಯದೆ ಕೇಳಿಸಿಕೊಂಡಳು. ನಗಲಿಲ್ಲ, ಅಳಲೂ ಇಲ್ಲ. ಆಮೇಲೆ ಕೇಳಿದಳು.

"ಎಂಗ್ ನಡ್ದೆ?"

"ಹಿಂಗೇ ಕಣವ್ವಾ, ಸುಮ್ನೆ ನಡ್ದೆ."

"ನಡ್ದು ತೋರ್ಸು."

ನನಗೆ ಕಾಲು ಬರಲಿಲ್ಲ. ಅವ್ವ ಬಿಡಲಿಲ್ಲ. ಬಾಗಿಲಿಗೆ ಹೋಗಿ, ಅಲ್ಲಿಂದ ಮಂಚದ ತನಕ ನಡೆದೆ. ಅವ್ವ ನನ್ನ ಮುಖ ನೋಡಲಿಲ್ಲ, ಪಾದಗಳನ್ನೇ ನೋಡುತ್ತಿದ್ದಳು.

"ಇನ್ನೊಂದ್ ಸಲ" ಅಂದಳು.

ಮತ್ತೆ ಬಾಗಿಲಿಗೆ ಹೋದೆ.